ನಿಮ್ಮ ಅಂಗಳದ ಮಳೆ ನೀವೇ ಅಳೆಯಿರಿ: ಬಾಟಲಿ, ಸ್ಕೇಲು, ನೋಟ್‌ಬುಕ್ಕು ಸಾಕು

ಏಪ್ರಿಲ್ ಬಂತೆಂದರೆ ಓದುಗರಿಂದ ಮೂರು ಪ್ರಶ್ನೆ ತಪ್ಪದೆ ಬರುತ್ತವೆ. ‘ಟಿವಿಯಲ್ಲಿ ನಮ್ಮ ಜಿಲ್ಲೆಗೆ ಮಳೆ ಅಂದ್ರು, ನಮ್ಮೂರಲ್ಲಿ ಒಂದು ಹನಿಯೂ ಬೀಳಲಿಲ್ಲ, ಯಾಕೆ?’ ‘ಮೋಡ ಅಷ್ಟು ಕಪ್ಪಗಿತ್ತು, ಹಾಗೇ ಹೋಯ್ತಲ್ಲ?’ ‘ಪೇಪರಿನಲ್ಲಿ 40 ಮಿಲಿಮೀಟರ್ ಅಂತಾರೆ, ಹಾಗಂದ್ರೆ ಎಷ್ಟು ಮಳೆ?’

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಮೂರಕ್ಕೂ ಒಂದೇ ದಾರಿ ಇದೆ. ನಿಮ್ಮ ಮನೆಯ ಮಳೆಯನ್ನು ನೀವೇ ಅಳೆದು, ಆಕಾಶ ನೋಡಿ, ದಿನಾ ಎರಡು ಸಾಲು ಬರೆದಿಡಿ. ಒಂದು ಮುಂಗಾರು ಮುಗಿಯುವಷ್ಟರಲ್ಲಿ ಮೂರೂ ಪ್ರಶ್ನೆಗೆ ನೀವೇ ಉತ್ತರ ಹೇಳುತ್ತೀರಿ. ಮಾಡುವುದು ಹೇಗೆ ಅಂತ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಏನೇನು ಬೇಕು

ಎರಡು ಲೀಟರಿನ ಖಾಲಿ ಕೂಲ್‌ಡ್ರಿಂಕ್ ಬಾಟಲಿ ಒಂದು. ಸೊಂಟ ಸಣ್ಣಗಿರುವ, ಮೈಮೇಲೆ ಗೆರೆ ಗೆರೆ ಇರುವ ಬಾಟಲಿ ಬೇಡ. ಮೇಲಿಂದ ಕೆಳಗೆ ಒಂದೇ ದಪ್ಪ ಇರಬೇಕು. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು, ಕತ್ತರಿ, ಟೇಪು, ಒಂದು ಹಿಡಿ ಬಿಳಿ ಸಿಮೆಂಟು. ಔಷಧಿ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಇದ್ದರೆ ಎತ್ತಿಟ್ಟುಕೊಳ್ಳಿ. ಕೊನೆಗೆ ನೂರು ಪುಟದ ಒಂದು ನೋಟ್‌ಬುಕ್ಕು. ಮೊಬೈಲಿನಲ್ಲಿ ಬರೆಯುತ್ತೇನೆ ಅನ್ನುವವರು ಎರಡನೇ ವಾರಕ್ಕೆ ಬಿಟ್ಟುಬಿಡುವುದನ್ನು ಬಹಳ ಸಲ ನೋಡಿದ್ದೇನೆ. ಬಾಗಿಲ ಹಿಂದೆ ದಾರ ಕಟ್ಟಿ ನೇತುಹಾಕಿದ ಪುಸ್ತಕವೇ ಒಳ್ಳೆಯದು.

ಹಂತ 1: ಮಳೆಮಾಪಕ ಮಾಡಿಕೊಳ್ಳಿ

ಬಾಟಲಿಯ ಹೆಗಲು ಮುಗಿದು ಮೈ ನೇರವಾಗುವ ಕಡೆ ಸುತ್ತಲೂ ಕತ್ತರಿಸಿ. ಮೇಲಿನ ತುಂಡನ್ನು ತಲೆಕೆಳಗು ಮಾಡಿ ಕೆಳಗಿನ ತುಂಡಿನೊಳಗೆ ಕೂರಿಸಿ. ಅದು ಆಲಿಕೆಯ ಕೆಲಸ ಮಾಡುತ್ತದೆ. ಬಿದ್ದ ನೀರು ಒಳಗೆ ಇಳಿಯುತ್ತದೆ, ಬಿಸಿಲಿಗೆ ಬೇಗ ಆರುವುದಿಲ್ಲ. ಅಂಚಿಗೆ ಟೇಪು ಸುತ್ತಿ.

ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಅಲ್ವಾ? ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಬಿಳಿ ಸಿಮೆಂಟನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಉಬ್ಬುತಗ್ಗು ಮುಚ್ಚುವಷ್ಟು ಸುರಿದು, ಸಮತಟ್ಟಾದ ಜಾಗದಲ್ಲಿ ಎರಡು ದಿನ ಇಡಿ. ಗಟ್ಟಿಯಾದ ಮೇಲೆ ಅದರ ಮೇಲ್ಮೈಯೇ ನಿಮ್ಮ ಸೊನ್ನೆ. ಬಾಟಲಿಯೂ ಗಾಳಿಗೆ ಬೀಳುವುದಿಲ್ಲ.

ಕೆಲವರು ಸಿಮೆಂಟಿನ ಬದಲು ಕಲ್ಲು ತುಂಬಿ, ಮೇಲೆ ನೀರು ಹಾಕಿ, ಆ ನೀರಿನ ಮಟ್ಟವನ್ನೇ ಸೊನ್ನೆ ಅಂತ ಗುರುತು ಮಾಡುತ್ತಾರೆ. ಅಳತೆ ಸರಿಯೇ ಬರುತ್ತದೆ. ಆದರೆ ಆ ನೀರು ಅಲ್ಲೇ ನಿಂತು ಸೊಳ್ಳೆ ಮರಿ ಮಾಡುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಇಷ್ಟು ಸಣ್ಣ ಪಾತ್ರೆ, ಇಷ್ಟು ತಿಳಿ ನೀರು ಧಾರಾಳವಾಯಿತು. ಹಾಗಾಗಿ ಕಲ್ಲು ಬೇಡ.

ಈಗ ಸ್ಕೇಲನ್ನು ಹೊರಗಡೆಯಿಂದ ನೇರವಾಗಿ ಅಂಟಿಸಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಸ್ಕೇಲಿನ ತುದಿಯೇ ಸೊನ್ನೆ ಅಲ್ಲ, ತುದಿಯಿಂದ ಸ್ವಲ್ಪ ಒಳಗೆ ಸೊನ್ನೆಯ ಗೆರೆ ಇರುತ್ತದೆ. ಸಿಮೆಂಟಿನ ಮೇಲ್ಮೈಗೆ ತಾಗಬೇಕಾದದ್ದು ಆ ಗೆರೆ. ತುದಿಯನ್ನು ತಾಗಿಸಿದರೆ ದಿನಾ ನಾಲ್ಕೈದು ಮಿಲಿಮೀಟರ್ ಕಡಿಮೆ ಬರೆಯುತ್ತೀರಿ.

ಸಣ್ಣ ಮಳೆಯನ್ನು ಸ್ಕೇಲಿನಲ್ಲಿ ಓದುವುದು ಕಷ್ಟ. ಅದಕ್ಕೇ ಔಷಧಿ ಮುಚ್ಚಳ ಇಟ್ಟುಕೊಳ್ಳಿ ಅಂದದ್ದು. ಬಾಟಲಿಯ ಬಾಯಿಯ ಅಡ್ಡಳತೆ 11 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅರ್ಧ 5.5. ಅದನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿದರೆ ಸುಮಾರು 95 ಚದರ ಸೆಂಟಿಮೀಟರ್. ಅಂದರೆ 9.5 ಮಿಲಿಲೀಟರ್ ನೀರು ಸಿಕ್ಕರೆ ಒಂದು ಮಿಲಿಮೀಟರ್ ಮಳೆ. ನೀರನ್ನು ಮುಚ್ಚಳಕ್ಕೆ ಬಗ್ಗಿಸಿ ಅಳೆದು 9.5ರಿಂದ ಭಾಗಿಸಿ, ಮುಗಿಯಿತು. ನಿಮ್ಮ ಬಾಟಲಿಯ ಅಡ್ಡಳತೆ ಬೇರೆ ಇದ್ದರೆ ಇದೇ ಲೆಕ್ಕವನ್ನು ಒಮ್ಮೆ ಮಾಡಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಹಂತ 2: ಜಾಗ ನೋಡಿ ಇಡಿ

ಅಳತೆ ಕೆಡುವುದು ಜಾಸ್ತಿ ಇಲ್ಲಿ. ಬಾಟಲಿ ಎಷ್ಟೇ ಚೆನ್ನಾಗಿದ್ದರೂ ಜಾಗ ಸರಿಯಿಲ್ಲದಿದ್ದರೆ ನೀವು ಅಳೆಯುವುದು ಮಳೆಯನ್ನಲ್ಲ, ಮರದ ಹನಿಯನ್ನು.

ನಿಯಮ ಸುಲಭ. ಪಕ್ಕದ ಗೋಡೆ ಅಥವಾ ಮರ ಎಷ್ಟು ಎತ್ತರವೋ, ಅದರ ಎರಡರಷ್ಟು ದೂರದಲ್ಲಿ ಬಾಟಲಿ ಇರಬೇಕು. ಹತ್ತು ಅಡಿ ಗೋಡೆಯಿಂದ ಇಪ್ಪತ್ತು ಅಡಿ ಆಚೆ. ಹವಾಮಾನ ಇಲಾಖೆಯ ಮಳೆಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನೀವೂ ಹಾಗೇ ಮಾಡಬಹುದು. ತೀರಾ ನೆಲಕ್ಕೆ ಇಟ್ಟರೆ ಕೆಸರು ಸಿಡಿದು ಒಳಗೆ ಬೀಳುತ್ತದೆ. ಎರಡು ಇಟ್ಟಿಗೆಯ ನಡುವೆ ಒತ್ತಿ ಕೂರಿಸಿದರೆ ನಾಯಿ, ಕೋಳಿ ಬಂದರೂ ಅಲ್ಲಾಡುವುದಿಲ್ಲ.

ನಾನು ಮೊದಲ ವರ್ಷ ತೆಂಗಿನ ಮರದಿಂದ ಐದು ಹೆಜ್ಜೆ ದೂರದಲ್ಲಿ ಇಟ್ಟಿದ್ದೆ. ಮಳೆ ನಿಂತು ಅರ್ಧ ಗಂಟೆಯಾದರೂ ಗರಿಯಿಂದ ಹನಿ ತೊಟ್ಟಿಕ್ಕುತ್ತಲೇ ಇತ್ತು. ಆ ವರ್ಷದ ಪುಟಗಳನ್ನು ಈಗ ನೋಡಿದರೆ ನನಗೇ ನಗು.

ಬೆಂಗಳೂರಿನಂಥ ಊರಿನಲ್ಲಿ ಅಂಗಳ ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ತಾರಸಿ ಆಗುತ್ತದೆ. ಆದರೆ ಮೋಟುಗೋಡೆಯ ಪಕ್ಕ ಬೇಡ, ನೀರಿನ ಟ್ಯಾಂಕಿನ ಪಕ್ಕವೂ ಬೇಡ. ಗಾಳಿ ಗೋಡೆಗೆ ಬಡಿದು ಮೇಲೇಳುವಾಗ ಹನಿಗಳನ್ನೂ ಎತ್ತಿಕೊಂಡು ಹೋಗುತ್ತದೆ. ತಾರಸಿಯ ನಡುಮಧ್ಯ ಇಡಿ. ಬಾಲ್ಕನಿಯಲ್ಲಿ ಮಾತ್ರ ಇಡಲೇಬೇಡಿ. ಅಲ್ಲಿಯ ಅಳತೆಗೆ ಯಾವ ಅರ್ಥವೂ ಇಲ್ಲ.

ಹಂತ 3: ಬೆಳಿಗ್ಗೆ ಎಂಟೂವರೆಗೆ ಓದಿ

ದೇಶದ ಎಲ್ಲ ಹವಾಮಾನ ಕೇಂದ್ರಗಳೂ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಲೆಕ್ಕ ಹಾಕುತ್ತವೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದೆಲ್ಲ ಇವತ್ತಿನ ತಾರೀಖಿಗೆ ಸೇರುತ್ತದೆ. ನೀವೂ ಅದೇ ಹೊತ್ತಿಗೆ ಓದಿದರೆ ನಿಮ್ಮ ಲೆಕ್ಕವನ್ನು ಪೇಪರಿನ ಲೆಕ್ಕದ ಪಕ್ಕ ಇಟ್ಟು ನೋಡಬಹುದು.

ಇಲ್ಲೊಂದು ಗೊಂದಲ ಇದೆ. ಸೋಮವಾರ ಸಂಜೆ ಆರಕ್ಕೆ ಜೋರು ಮಳೆ. ಅದು ಮಂಗಳವಾರದ ಲೆಕ್ಕಕ್ಕೆ ಹೋಗುತ್ತದೆ. ‘ಸೋಮವಾರ ಅಷ್ಟು ಮಳೆ ಬಂತು, ಇಲಾಖೆಯವರು ಸೊನ್ನೆ ತೋರಿಸಿದ್ದಾರೆ’ ಅಂತ ಸಿಟ್ಟು ಮಾಡಿಕೊಂಡವರು ಎಷ್ಟೋ ಜನ. ಮರುದಿನದ ಸಾಲು ನೋಡಿ, ಅಲ್ಲಿರುತ್ತದೆ.

ಓದುವಾಗ ಕಣ್ಣು ನೀರಿನ ಮಟ್ಟಕ್ಕೇ ಬರುವಂತೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಬಾಟಲಿಯ ಗೋಡೆಗೆ ಅಂಟಿ ನೀರು ಅಂಚಿನಲ್ಲಿ ಸ್ವಲ್ಪ ಮೇಲೇರಿರುತ್ತದೆ. ಅಂಚನ್ನು ಬಿಟ್ಟು ನಡುವಿನ ತಗ್ಗನ್ನು ಓದಿ. ಬರೆದ ಮೇಲೆ ನೀರು ಚೆಲ್ಲಿ, ಬಾಟಲಿ ಮತ್ತೆ ಅಲ್ಲೇ ಇಡಿ. ಬರೆಯದೆ ಚೆಲ್ಲುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ನೀವೂ ಮಾಡುತ್ತೀರಿ.

ಮಳೆ ಬರದ ದಿನ ‘0’ ಬರೆಯಿರಿ. ನೆಲ ಒದ್ದೆಯಾಗಿ ಬಾಟಲಿಗೆ ಏನೂ ಸಿಗದಿದ್ದರೆ ‘ಹನಿ’ ಅಂತ ಬರೆಯಿರಿ. ನೋಡುವುದೇ ಮರೆತಿದ್ದರೆ ಅಡ್ಡಗೆರೆ ಹಾಕಿ. ಇವು ಮೂರೂ ಬೇರೆ ಬೇರೆ.

ಹಂತ 4: ಬಂದ ಅಂಕಿ ಎಷ್ಟು ಮಳೆ ಅಂತ ತಿಳಿದುಕೊಳ್ಳಿ

ಒಂದು ಮಿಲಿಮೀಟರ್ ಮಳೆ ಅಂದರೆ, ಬಿದ್ದ ನೀರು ಹರಿಯದೆ, ಇಂಗದೆ ಹಾಗೇ ನಿಂತಿದ್ದರೆ ನೆಲದ ಮೇಲೆ ಒಂದು ಮಿಲಿಮೀಟರ್ ದಪ್ಪ ಇರುತ್ತಿತ್ತು ಅಂತ. ಒಂದು ಚದರ ಮೀಟರ್ ಜಾಗಕ್ಕೆ ಸರಿಯಾಗಿ ಒಂದು ಲೀಟರ್.

ನಿಮ್ಮದು ಮೂವತ್ತು–ನಲವತ್ತರ ಸೈಟು ಅನ್ನಿ. ಅದು ಸುಮಾರು 111 ಚದರ ಮೀಟರ್. 20 ಮಿಲಿಮೀಟರ್ ಮಳೆ ಬಂದರೆ ಆ ಸೈಟಿನ ಮೇಲೆ 2,200 ಲೀಟರಿಗೂ ಜಾಸ್ತಿ ನೀರು ಬಿದ್ದಿದೆ. ಸಾವಿರ ಲೀಟರಿನ ಎರಡು ಟ್ಯಾಂಕ್ ತುಂಬಿ ಹರಿಯುವಷ್ಟು! ಮುಂದಿನ ವಾರ ಟ್ಯಾಂಕರಿಗೆ ಫೋನ್ ಮಾಡುವಾಗ ನೆನಪಿಸಿಕೊಳ್ಳಿ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಮೇಲೆ.

ಇಂಚು ಅಂದದ್ದಕ್ಕೆ ಹೇಳುತ್ತೇನೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಇವತ್ತಿಗೂ ಇಂಚು, ಸೆಂಟಿನಲ್ಲೇ ಮಾತಾಡುತ್ತಾರೆ. ‘ನಮ್ಮಲ್ಲಿ ಒಂದು ಇಂಚು ಇಪ್ಪತ್ತು ಸೆಂಟು ಆಯ್ತು, ನಿಮ್ಮಲ್ಲಿ?’ ನೂರು ಸೆಂಟು ಸೇರಿದರೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ, ಎಷ್ಟು ಸೆಂಟು ಬಂತು ಅನ್ನುವುದರ ಮೇಲೆ ಅವರ ವರ್ಷದ ಬೆಳೆ ನಿಂತಿರುವುದರಿಂದ ಮಳೆ ಪುಸ್ತಕ ಇಡುವುದು ಆ ಕಡೆ ಹಳೆಯ ರೂಢಿ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ದೊಡ್ಡ ಮಳೆಗಳನ್ನು ಸೆಂಟಿಮೀಟರಿನಲ್ಲಿ ಕೊಡುತ್ತಾರೆ. ಆ ಸೆಂಟಿಮೀಟರ್, ತೋಟದವರ ಸೆಂಟು ಎರಡನ್ನೂ ಕಲಸಿಕೊಳ್ಳಬೇಡಿ. 1 ಸೆಂಟಿಮೀಟರ್ ಅಂದರೆ 10 ಮಿಲಿಮೀಟರ್, 1 ಸೆಂಟು ಅಂದರೆ ಕಾಲು ಮಿಲಿಮೀಟರ್.

24 ಗಂಟೆಯ ಮಳೆಗೆ ಇಲಾಖೆ ಕೊಡುವ ಹೆಸರುಗಳು ಇವು:

- 2.5ರಿಂದ 15.5 ಮಿ.ಮೀ.: ಹಗುರ ಮಳೆ
- 15.6ರಿಂದ 64.4 ಮಿ.ಮೀ.: ಸಾಧಾರಣ ಮಳೆ
- 64.5ರಿಂದ 115.5 ಮಿ.ಮೀ.: ಭಾರಿ ಮಳೆ
- 115.6ರಿಂದ 204.4 ಮಿ.ಮೀ.: ಅತಿ ಭಾರಿ ಮಳೆ
- ಅದಕ್ಕೂ ಮೇಲೆ: ಅತ್ಯಂತ ಭಾರಿ ಮಳೆ

2.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಅದು ಲೆಕ್ಕಕ್ಕೆ ‘ಮಳೆ ದಿನ’. ಈ ಪಟ್ಟಿ ನೋಡಿದ ಮೇಲೆ ಒಂದು ವಿಷಯ ಹೊಳೆಯುತ್ತದೆ. ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಕಾರು ಮುಳುಗಿಸಿದ ಮಳೆ ಎಷ್ಟೋ ಸಲ ‘ಸಾಧಾರಣ’ವೇ. 24 ಗಂಟೆಯಲ್ಲಿ ಹನಿದ 50 ಮಿಲಿಮೀಟರ್ ಬೇರೆ, ನಲವತ್ತೇ ನಿಮಿಷದಲ್ಲಿ ಸುರಿದ 50 ಮಿಲಿಮೀಟರ್ ಬೇರೆ. ಆದ್ದರಿಂದ ಜೋರು ಮಳೆ ಬಂದಾಗ ಶುರುವಾದ ಹೊತ್ತು, ನಿಂತ ಹೊತ್ತು ಪಕ್ಕದಲ್ಲಿ ಬರೆದುಕೊಳ್ಳಿ.

ಹಂತ 5: ಮೋಡ ನೋಡಲು ಕಲಿಯಿರಿ

ಮೋಡಗಳಿಗೆ ಹತ್ತು ಮುಖ್ಯ ಜಾತಿ ಇವೆ. ಈಗ ಬಳಕೆಯಲ್ಲಿರುವ ಹೆಸರುಗಳಿಗೆ ಬುನಾದಿ ಹಾಕಿದ್ದು ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೊವಾರ್ಡ್, 1802ರಲ್ಲಿ. ಹೆಸರು ಬಾಯಿಪಾಠ ಮಾಡುವುದು ಬೇಡ. ಮೂರು ಪ್ರಶ್ನೆ ಕೇಳಿಕೊಳ್ಳಿ ಸಾಕು. ಗುಡ್ಡೆಯೋ, ಹಾಸೋ, ಎಳೆಯೋ?

ಗುಡ್ಡೆ ಅಂದರೆ ಅರಳಿದ ಹತ್ತಿಯಂತೆ ಉಂಡೆ ಉಂಡೆ. ಹಾಸು ಅಂದರೆ ಕಂಬಳಿ ಹೊದಿಸಿದಂತೆ ಆಕಾಶ ತುಂಬಾ ಒಂದೇ ಬಣ್ಣ. ಎಳೆ ಅಂದರೆ ಬಾಚಿದ ಬಿಳಿ ಕೂದಲಿನಂಥದ್ದು, ತುಂಬಾ ಮೇಲಿರುತ್ತದೆ, ಪೂರ್ತಿ ಹಿಮದ ಹರಳು. ಎಳೆ ಮೋಡದಿಂದ ನಿಮ್ಮ ತಲೆ ನೆನೆಯುವುದಿಲ್ಲ.

ಎತ್ತರ ತಿಳಿಯಲು ಕೈ ಸಾಕು. ತೋಳು ಚಾಚಿ ಒಂದು ಉಂಡೆಯ ಮೇಲೆ ಹಿಡಿಯಿರಿ. ಉಂಡೆ ಮುಷ್ಟಿಯಷ್ಟು ದೊಡ್ಡದಿದ್ದರೆ ಕೆಳಗಿನ ಮೋಡ, ಎರಡು ಕಿಲೋಮೀಟರಿನ ಒಳಗೆ. ಹೆಬ್ಬೆರಳ ಉಗುರಿನಷ್ಟಿದ್ದರೆ ನಡುವಿನದ್ದು. ಕಿರುಬೆರಳ ಉಗುರಿಗಿಂತ ಚಿಕ್ಕದಿದ್ದರೆ ತುಂಬಾ ಮೇಲಿನದು.

ಈಗ ನಿಜವಾಗಿ ಕಲಿಯಬೇಕಾದದ್ದು. ಏಪ್ರಿಲ್–ಮೇ ತಿಂಗಳ ಒಂದು ಮಧ್ಯಾಹ್ನವನ್ನು ಪೂರ್ತಿ ನೋಡಿ.

ಬೆಳಿಗ್ಗೆ ಆಕಾಶ ಖಾಲಿ. ಹನ್ನೊಂದರ ಹೊತ್ತಿಗೆ ಸಣ್ಣ ಸಣ್ಣ ಹತ್ತಿಯುಂಡೆ ಕಾಣುತ್ತವೆ. ಅವುಗಳ ತಳ ನೋಡಿ. ಎಲ್ಲ ಉಂಡೆಯ ತಳವೂ ಚಾಕುವಿನಿಂದ ಕತ್ತರಿಸಿದಂತೆ ಚಪ್ಪಟೆ, ಎಲ್ಲವೂ ಒಂದೇ ಎತ್ತರದಲ್ಲಿ. ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ನೂರು ಮೀಟರ್ ಏರಿದರೆ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಒಂದು ಎತ್ತರಕ್ಕೆ ಹೋದಾಗ ಅದರಲ್ಲಿರುವ ಆವಿ ಇನ್ನು ಆವಿಯಾಗಿ ಇರಲಾರದೆ ಹನಿಯಾಗುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದೂ ಇದೇ ಕಾರಣಕ್ಕೆ. ಆ ಎತ್ತರವೇ ಮೋಡದ ತಳ. ಗಾಳಿ ಒಣಗಿದ್ದಷ್ಟೂ ತಳ ಮೇಲಿರುತ್ತದೆ, ತೇವ ಇದ್ದಷ್ಟೂ ಕೆಳಗಿರುತ್ತದೆ. ಮಾರ್ಚಿನಲ್ಲಿ ಬಯಲುಸೀಮೆಯ ಮೋಡ ಎಲ್ಲೋ ಮೇಲೆ, ಜುಲೈನಲ್ಲಿ ಮಲೆನಾಡಿನ ಮೋಡ ಅಡಿಕೆ ಮರದ ತಲೆಯ ಮೇಲೆ.

ಮಧ್ಯಾಹ್ನ ಎರಡರ ಹೊತ್ತಿಗೆ ಉಂಡೆಗಳು ಅಗಲಕ್ಕಿಂತ ಎತ್ತರ ಜಾಸ್ತಿ ಆಗಿವೆಯಾ ನೋಡಿ. ಆಗಿಲ್ಲ, ಚಪ್ಪಟೆಯಾಗಿ ಹರಡಿವೆ ಅಂದರೆ ಸಂಜೆಗೆ ಬಟ್ಟೆ ತೆಗೆಯುವ ಅವಸರ ಬೇಡ. ಎತ್ತರಕ್ಕೆ ಹೂಕೋಸಿನಂತೆ ಉಬ್ಬುತ್ತಿವೆ, ಅಂಚು ಇನ್ನೂ ಚೂಪಾಗಿ ಸ್ಪಷ್ಟವಾಗಿದೆ ಅಂದರೆ ಮೋಡ ಬೆಳೆಯುತ್ತಿದೆ. ಸ್ವಲ್ಪ ಹೊತ್ತಿಗೆ ತಲೆಯ ಅಂಚು ಮಸುಕಾಗಿ, ನಾರುನಾರಾಗಿ, ಕಮ್ಮಾರನ ಅಡಿಗಲ್ಲಿನಂತೆ ಪಕ್ಕಕ್ಕೆ ಹರಡಿಕೊಂಡರೆ ಮೇಲ್ಭಾಗ ಹಿಮವಾಯಿತು ಅಂತ ಅರ್ಥ. ನಮ್ಮ ಕಡೆ ಸುಮಾರು ಐದು ಕಿಲೋಮೀಟರ್ ಮೇಲೆ ಬೇಸಿಗೆಯಲ್ಲೂ ನೀರು ಹೆಪ್ಪುಗಟ್ಟುವ ಚಳಿ. ಈ ಮೋಡದ ತಲೆ ಅದನ್ನೂ ದಾಟಿ ಹತ್ತು ಕಿಲೋಮೀಟರಿಗೂ ಮೇಲೆ ಹೋಗಿರುತ್ತದೆ. ಗುಡುಗು, ಸಿಡಿಲು, ಆಲಿಕಲ್ಲು ಎಲ್ಲ ಇದರ ಹೊಟ್ಟೆಯಲ್ಲೇ. ಆಮೇಲೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ, ಧೂಳು, ಮಣ್ಣಿನ ವಾಸನೆ. ಮೋಡದಿಂದ ಕೆಳಗೆ ಸುರಿದ ತಂಪು ಗಾಳಿ ನೆಲಕ್ಕೆ ಬಡಿದು, ಮಳೆಗಿಂತ ಮುಂಚೆ ನಿಮ್ಮನ್ನು ಮುಟ್ಟುತ್ತದೆ. ಆ ಗಾಳಿ ಬಂದ ಮೇಲೆ ನಿಮಗಿರುವುದು ಕೆಲವೇ ನಿಮಿಷ.

ಇನ್ನು ಜನ ಮೋಸ ಹೋಗುವ ಕಡೆಗಳು.

ಕಪ್ಪು ಬಣ್ಣ ನಂಬಬೇಡಿ. ಮೋಡ ದಪ್ಪ ಇದ್ದರೆ ಬೆಳಕು ಕೆಳಗೆ ಬರುವುದಿಲ್ಲ, ಅದಕ್ಕೆ ಕಪ್ಪು. ಅದೇ ಮೋಡ ಸೂರ್ಯನ ಎದುರು ದಿಕ್ಕಿನಲ್ಲಿದ್ದರೆ ಬೆಳ್ಳಗೆ ಹೊಳೆಯುತ್ತದೆ, ಸೂರ್ಯನಿಗೆ ಅಡ್ಡ ಬಂದರೆ ಕರ್ರಗೆ ಕಾಣುತ್ತದೆ. ಕಾರ್ಮೋಡ ಅಂತ ನೀವು ಹೆದರಿದ್ದನ್ನೇ ಪಕ್ಕದ ಊರಿನವರು ಬಿಳಿ ಮೋಡ ಅನ್ನುತ್ತಿರಬಹುದು. ಮೇಲಾಗಿ ಮೋಡದ ಹನಿ ತೀರಾ ಸಣ್ಣದು. ಅಂಥ ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆ ಹನಿ. ಅಷ್ಟು ಕೂಡುವ ಮೊದಲೇ ಮೋಡ ಕರಗಿದರೆ ಕಪ್ಪಾಗಿದ್ದೂ ದಂಡ.

ಕೆಲವೊಮ್ಮೆ ಮೋಡದ ತಳದಿಂದ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಇಳಿದು ಅರ್ಧದಲ್ಲೇ ಮಾಯವಾಗುತ್ತವೆ. ಅದು ಮಳೆಯೇ. ಕೆಳಗಿನ ಒಣ ಗಾಳಿಯಲ್ಲಿ ನೆಲ ಮುಟ್ಟುವ ಮೊದಲೇ ಆರಿಹೋಯಿತು.

ಮುಂಗಾರಿನ ಮೋಡದ ದಾರಿ ಇನ್ನೊಂದು. ಜುಲೈನಲ್ಲಿ ಹುಬ್ಬಳ್ಳಿ, ದಾವಣಗೆರೆ ಕಡೆಯವರು ನೋಡಿರುತ್ತೀರಿ. ಬೂದು ಮೋಡ ತಲೆಯ ಮೇಲೆ ಪಡುವಣದಿಂದ ಮೂಡಣಕ್ಕೆ ದಿನವಿಡೀ ಓಡುತ್ತಲೇ ಇರುತ್ತವೆ, ಹನಿ ಮಾತ್ರ ಲೆಕ್ಕಕ್ಕೆ ಸಿಗುವಷ್ಟು ಬೀಳುವುದಿಲ್ಲ. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗಲೇ ತನ್ನ ನೀರಿನ ಬಹುಪಾಲು ಸುರಿದುಬಿಡುತ್ತದೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ಪೂರ್ವಕ್ಕೆ ಚಳ್ಳಕೆರೆ ಕಡೆ ಹೋದರೆ ಅದರ ಹತ್ತನೇ ಒಂದು ಭಾಗವೂ ಇಲ್ಲ. ಘಟ್ಟ ಇಳಿಯುವ ಗಾಳಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಮಳೆಯ ನೆರಳು ಅನ್ನುವುದು ಇದನ್ನೇ.

ಚಂದ್ರನ ಸುತ್ತ ದೊಡ್ಡ ಉಂಗುರ ಕಂಡರೆ ಅಲ್ಲಿ ತೆಳ್ಳನೆಯ ಹಿಮದ ಹಾಸು ಇದೆ ಅಂತ ಅರ್ಥ. ತೋಳು ಚಾಚಿ ಕೈ ಅಗಲಿಸಿ, ಹೆಬ್ಬೆರಳನ್ನು ಚಂದ್ರನ ಮೇಲಿಟ್ಟರೆ ಕಿರುಬೆರಳು ಸುಮಾರು ಉಂಗುರವನ್ನು ಮುಟ್ಟಬೇಕು. 2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನ ಸುತ್ತ ಇಂಥದ್ದೇ ಉಂಗುರ ಕಂಡು ಊರಿಗೆ ಊರೇ ಫೋಟೊ ತೆಗೆದಿತ್ತು. ಸೂರ್ಯನದ್ದಾದರೆ ಮೊದಲು ಸೂರ್ಯನನ್ನು ಕಂಬಕ್ಕೋ ಮರಕ್ಕೋ ಮರೆಮಾಡಿಕೊಂಡೇ ನೋಡಿ. ಉಂಗುರ ಕಂಡರೆ ಮಳೆ ಖಂಡಿತ ಅನ್ನುವುದು ನಮ್ಮ ಕಡೆ ಅಷ್ಟಾಗಿ ಹೊಂದುವುದಿಲ್ಲ. ಪುಸ್ತಕದಲ್ಲಿ ಬರೆದು, ಮುಂದಿನ ಎರಡು ದಿನ ಏನಾಯಿತು ನೋಡಿ.

ಹಂತ 6: ಗಾಳಿಯ ದಿಕ್ಕು ಬರೆಯಿರಿ

ಇದು ಅರ್ಧ ನಿಮಿಷದ ಕೆಲಸ. ಒಗೆದ ಟವಲ್ಲು ಯಾವ ಕಡೆ ಹಾರುತ್ತಿದೆ ನೋಡಿ. ಗಾಳಿಗೆ ಹೆಸರು ಅದು ಬರುವ ದಿಕ್ಕಿನಿಂದ. ಟವಲ್ಲು ಪೂರ್ವಕ್ಕೆ ಹಾರಿದರೆ ಅದು ಪಡುವಣ ಗಾಳಿ. ಉಲ್ಟಾ ಬರೆಯುವವರೇ ಜಾಸ್ತಿ.

ಮೋಡ ಹೋಗುವ ದಿಕ್ಕು ಬೇರೆಯೇ ಇರಬಹುದು. ಲೈಟ್ ಕಂಬದ ತುದಿಗೆ ಒಂದು ಮೋಡದ ಅಂಚನ್ನು ಹೊಂದಿಸಿಕೊಂಡು ಒಂದು ನಿಮಿಷ ಅಲ್ಲಾಡದೆ ನಿಂತರೆ ಗೊತ್ತಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಡುವಣ, ನೈಋತ್ಯದ ಗಾಳಿ ಇರುತ್ತದೆ. ಅಕ್ಟೋಬರಿನಲ್ಲಿ ಒಂದು ದಿನ ಟವಲ್ಲು ತಿರುಗಿ ಹಾರುವುದನ್ನು ನೋಡುತ್ತೀರಿ. ಈಶಾನ್ಯದ ಗಾಳಿ, ಹಿಂಗಾರಿನದ್ದು. ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ.

ಹಂತ 7: ಗುಡುಗು ಕೇಳಿದರೆ ಪುಸ್ತಕ ಮುಚ್ಚಿ ಒಳಗೆ ಬನ್ನಿ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿ. ಬಂದದ್ದು ಕಿಲೋಮೀಟರ್. ಹದಿನೈದು ಸೆಕೆಂಡ್ ಅಂದರೆ ಐದು ಕಿಲೋಮೀಟರ್. ‘ಇನ್ನೂ ಐದು ಕಿಲೋಮೀಟರ್ ಇದೆ ಬಿಡು’ ಅಂದುಕೊಳ್ಳಬೇಡಿ. ಮುಂದಿನ ಸಿಡಿಲು ನಿಮ್ಮ ಪಕ್ಕದಲ್ಲೇ ಬೀಳಬಹುದು. ಎಣಿಕೆ ಮೂವತ್ತಕ್ಕಿಂತ ಕಡಿಮೆ ಇದ್ದರೆ ಒಳಗಿರಿ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವವರೆಗೆ ಹೊರಗೆ ಬರಬೇಡಿ.

ಹೊಲದಲ್ಲಿದ್ದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ. ಬೇಸಿಗೆ ಮಳೆಯಲ್ಲಿ ಜೀವ ಹೋಗುವುದು ಬಹಳ ಸಲ ಅಲ್ಲೇ. ಗಟ್ಟಿ ಮನೆ, ಗಾಜು ಏರಿಸಿದ ಕಾರು ಅಥವಾ ಬಸ್ಸು ಆಗುತ್ತದೆ. ರಬ್ಬರ್ ಚಪ್ಪಲಿ ಕಾಪಾಡುತ್ತದೆ ಅನ್ನುವುದು ಸುಳ್ಳು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮನೆಯಲ್ಲಿ ಹೊಲಕ್ಕೆ ಹೋಗುವವರ ಮೊಬೈಲಿಗೆ ಇವತ್ತೇ ಹಾಕಿಕೊಡಿ. ಎಂಟೂವರೆಗೆ ಗುಡುಗುತ್ತಿದ್ದರೆ ಓದುವುದು ಒಂಬತ್ತೂವರೆಗೆ ಆಗಲಿ, ಏನೂ ತೊಂದರೆ ಇಲ್ಲ.

ಹಂತ 8: ಮುನ್ಸೂಚನೆಯ ಮಾತನ್ನು ಬಿಡಿಸಿ ಓದಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಹವಾಮಾನ ಇಲಾಖೆ ಬಳಸುವ ಪದಗಳಿಗೆ ಗೊತ್ತಾದ ಅಳತೆ ಇದೆ, ಸುಮ್ನೆ ಬರೆದದ್ದಲ್ಲ. ‘ಒಂದೆರಡು ಕಡೆ’ ಅಂದರೆ ಆ ಪ್ರದೇಶದ ಮಳೆಮಾಪಕಗಳಲ್ಲಿ ಹೆಚ್ಚೆಂದರೆ ನೂರಕ್ಕೆ 25ರಲ್ಲಿ ಮಳೆ. ‘ಕೆಲವು ಕಡೆ’ ಅಂದರೆ 26ರಿಂದ 50. ‘ಹಲವು ಕಡೆ’ ಅಂದರೆ 51ರಿಂದ 75. ‘ಬಹುತೇಕ ಕಡೆ’ ಅಂದರೆ ಅದಕ್ಕೂ ಮೇಲೆ.

ಈಗ ‘ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಮಳೆ’ ಅನ್ನುವುದನ್ನು ಮತ್ತೆ ಓದಿ. ನಾಲ್ಕು ಊರಲ್ಲಿ ಮೂರು ಊರು ಒಣಗಿದ್ದರೂ ಮುನ್ಸೂಚನೆ ನಿಜವಾದಂತೆಯೇ. ಟಿವಿಯವರು ಆ ‘ಒಂದೆರಡು ಕಡೆ’ಯನ್ನು ನುಂಗಿ ‘ಜಿಲ್ಲೆಯಲ್ಲಿ ಭರ್ಜರಿ ಮಳೆ’ ಅನ್ನುತ್ತಾರೆ. ಬೈಗುಳ ಇಲಾಖೆಗೆ.

ಇಲಾಖೆ ಕೊಡುವ ಎಚ್ಚರಿಕೆಯ ಬಣ್ಣಗಳೂ ಹಾಗೇ. ಹಳದಿ ಅಂದರೆ ಗಮನ ಇಟ್ಟಿರಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಹಳದಿಗೆ ಶಾಲೆಗೆ ರಜೆ ಇದೆಯಾ ಅಂತ ಕೇಳಬೇಡಿ.

ನಿಮ್ಮ ಅಳತೆಯ ಪಕ್ಕ ಇಟ್ಟು ನೋಡಲು ಜಿಲ್ಲೆಯ ಸರಾಸರಿ ಬೇಡ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ, ಅದನ್ನು ನೋಡಿ. ಅದಕ್ಕೂ ನಿಮ್ಮದಕ್ಕೂ ಬೇಸಿಗೆಯಲ್ಲಿ ತುಂಬಾ ವ್ಯತ್ಯಾಸ ಬಂದರೆ ಹೆದರಬೇಡಿ. ಗುಡ್ಡೆ ಮೋಡದ ಮಳೆ ಕೆರೆಯ ಈ ದಡಕ್ಕೆ ಬಂದು ಆ ದಡಕ್ಕೆ ಬರದೇ ಇರಬಹುದು. ಮುಂಗಾರಿನ ಹಾಸು ಮೋಡದ ಮಳೆಯಲ್ಲೂ ದಿನಾ ಅರ್ಧಕ್ಕರ್ಧ ವ್ಯತ್ಯಾಸ ಬರುತ್ತಿದ್ದರೆ ಮಾತ್ರ ಹಂತ 2ಕ್ಕೆ ವಾಪಸ್ ಹೋಗಿ.

ಹಂತ 9: ಪುಸ್ತಕವನ್ನು ಋತುಗಳಾಗಿ ಮಾಡಿ

ಹವಾಮಾನ ಲೆಕ್ಕಕ್ಕೆ ವರ್ಷ ನಾಲ್ಕು ತುಂಡು. ಜನವರಿ–ಫೆಬ್ರವರಿ ಚಳಿ. ಮಾರ್ಚ್‌ನಿಂದ ಮೇ ಮುಂಗಾರು ಪೂರ್ವ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು. ಒಂದೊಂದಕ್ಕೂ ಬೇರೆ ಮೊತ್ತ ಹಾಕಿ. ಬೆಂಗಳೂರಿನವರು ನೋಡಿದರೆ, ಸರಾಸರಿಯಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಜೂನ್–ಜುಲೈನಲ್ಲಲ್ಲ, ಸೆಪ್ಟೆಂಬರಿನಲ್ಲಿ.

ಬೇಸಿಗೆ ಯಾಕೆ ಅಂತ ಮಕ್ಕಳು ಕೇಳಿದರೆ ‘ಭೂಮಿ ಸೂರ್ಯನ ಹತ್ತಿರ ಹೋಗುತ್ತೆ’ ಅನ್ನಬೇಡಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ನಾವು ಸ್ವೆಟರ್ ಹಾಕಿಕೊಂಡಿರುವಾಗ. ಭೂಮಿ 23.5 ಡಿಗ್ರಿ ವಾಲಿಕೊಂಡು ಸುತ್ತುವುದರಿಂದ ಬಿಸಿಲು ಬೀಳುವ ಕೋನ ಬದಲಾಗುತ್ತದೆ, ಅಷ್ಟೇ. ಇದನ್ನು ಅಂಗಳದಲ್ಲೇ ತೋರಿಸಬಹುದು. ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 12:17ರ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರುವುದಿಲ್ಲ. ಸೂರ್ಯ ನೆತ್ತಿಯ ಮೇಲೆ. ಉತ್ತರಕ್ಕೆ ಹೋದಷ್ಟೂ ಈ ದಿನ ಮುಂದಕ್ಕೆ ಹೋಗುತ್ತದೆ. ಬೀದರಿನಲ್ಲಿ ಮೇ 12ರ ಹೊತ್ತಿಗೆ. ನಮ್ಮ ಸೆಖೆ ಏಪ್ರಿಲ್–ಮೇ ತಿಂಗಳಲ್ಲೇ ಯಾಕೆ ತುದಿ ಮುಟ್ಟುತ್ತದೆ ಅಂತ ಇದರಲ್ಲೇ ಗೊತ್ತಾಯಿತಲ್ಲ. ಆಗಸ್ಟ್ 18ರ ಹೊತ್ತಿಗೆ ಬೆಂಗಳೂರಿಗೆ ಸೂರ್ಯ ಮತ್ತೆ ನೆತ್ತಿಗೆ ಬರುತ್ತಾನೆ. ಆಗ ಮೋಡ ಅಡ್ಡ ಇರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ.

ಕೊನೆಗೊಂದು ಕಾಲಂ ಮಳೆ ನಕ್ಷತ್ರಕ್ಕೆ. ರೋಹಿಣಿ ಮಳೆ, ಆರಿದ್ರಾ ಮಳೆ, ಮಘೆ ಮಳೆ ಅಂತ ಹಿರಿಯರು ಹೇಳುವುದು ಸೂರ್ಯ ಆ ನಕ್ಷತ್ರದಲ್ಲಿರುವ 13–14 ದಿನಗಳಿಗೆ. ಪಂಚಾಂಗದಲ್ಲಿ ತಾರೀಖು ಇರುತ್ತದೆ. ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ, ಮಘೆ ಆಗಸ್ಟ್ 17ರ ಸುಮಾರಿಗೆ ಶುರು. ಇದು ಮುನ್ಸೂಚನೆ ಅಲ್ಲ, ಕ್ಯಾಲೆಂಡರು. ಎರಡು ವಾರದ ತುಂಡು ರೈತನ ಕೆಲಸಕ್ಕೆ ತಿಂಗಳಿಗಿಂತ ಚೆನ್ನಾಗಿ ಹೊಂದುತ್ತದೆ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅನ್ನುತ್ತಾರಲ್ಲ, ನಿಮ್ಮ ಮನೆಗೆ ಈ ಸಲದ ಮಘೆ ಎಷ್ಟು ಮಿಲಿಮೀಟರ್ ತಂತು ಅಂತ ಕೂಡಿ ನೋಡಿ. ಮನೆಯಲ್ಲಿ ಅಜ್ಜ ಇದ್ದರೆ ಈ ಕಾಲಂ ಅವರಿಗೆ ಬಿಟ್ಟುಕೊಡಿ, ಒಂದು ದಿನವೂ ತಪ್ಪುವುದಿಲ್ಲ.

ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಒಮ್ಮೆ ಓದಿ ತೋರಿಸಿ, ಪುಸ್ತಕ ಕೊಟ್ಟು ಹೋಗಿ. ಯಾರೂ ಇಲ್ಲದಿದ್ದರೆ ಬಂದ ದಿನ ಬಾಟಲಿಯಲ್ಲಿ ಇದ್ದದ್ದನ್ನು ಅಳೆದು, ‘ಮೂರು ದಿನದ್ದು ಸೇರಿ’ ಅಂತ ಪಕ್ಕದಲ್ಲಿ ಬರೆಯಿರಿ. ಮೂರರಿಂದ ಭಾಗಿಸಿ ಹಂಚಬೇಡಿ. ಒಳಗೆ ಎಲೆಯೋ ಇರುವೆಯೋ ಸೇರಿರುತ್ತದೆ. ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೊಳೆದು, ಆಲಿಕೆಯ ಕಂಡಿ ಕಟ್ಟಿಲ್ಲ ಅಂತ ನೋಡಿಕೊಂಡು, ಮತ್ತೆ ಅದೇ ಎರಡು ಇಟ್ಟಿಗೆಯ ನಡುವೆ ಇಡಿ.